ರಿವೈಂಡಿಂಗ್ ಶೆಡ್ಡಿನಲ್ಲಿ ಒಂದು ಸ್ಟ್ರಾಟೋಸ್ಫಿಯರ್ ತಂತಿ

ಕಟ್ಟುತ್ತಿರುವುದು ಏನು ಅಂತ ಮೊದಲೇ ಹೇಳಿಬಿಡುತ್ತೇನೆ. ಹವಾಮಾನ ಬಲೂನಿನ ಕೆಳಗೆ ಉದ್ದ ದಾರಕ್ಕೆ ನೇತುಹಾಕಿ 30 ಕಿ.ಮೀ. ಎತ್ತರಕ್ಕೆ ಕಳಿಸುವ ಒಂದು ಥರ್ಮೋಕೋಲ್ ಡಬ್ಬಿ. ಅದರ ತಳದಿಂದ ಚಾಚಿಕೊಂಡ ಎರಡು ಸೂಜಿಮೊನೆಗಳ ನಡುವೆ 2 ಮಿ.ಮೀ. ಉದ್ದದ, 5 ಮೈಕ್ರಾನ್ (ಮೈಕ್ರಾನ್ ಅಂದರೆ ಮಿ.ಮೀ.ನ ಸಾವಿರದ ಒಂದು ಪಾಲು) ದಪ್ಪದ ಪ್ಲಾಟಿನಂ ತಂತಿ. ಅಲ್ಲಿನ ಗಾಳಿ ಸಣ್ಣ ಅಳತೆಯಲ್ಲಿ, ಅಂದರೆ ಮೀಟರಿನಿಂದ ಹಿಡಿದು ಸೆಂಟಿಮೀಟರಿನ ತನಕ, ಎಷ್ಟು ಕಲಕಿದೆ ಅಂತ ಆ ತಂತಿ ಹೇಳಬೇಕು. ದಾವಣಗೆರೆಯಲ್ಲಿ ನನ್ನದು ಮೋಟರ್ ರಿವೈಂಡಿಂಗ್ ಶೆಡ್ಡು. ಜೊತೆಗಿರುವವನು ಅಕ್ಕನ ಮಗ, ಎಲೆಕ್ಟ್ರಾನಿಕ್ಸ್ ಓದುತ್ತಿದ್ದಾನೆ. ಬಲೂನು ಹಾರಿಸುವ ಪರವಾನಗಿ, ಗ್ಯಾಸು, ವಿಮಾನ ಸಂಚಾರದವರ ಜೊತೆ ಮಾತುಕತೆ ಎಲ್ಲ ಅವನ ಕಾಲೇಜಿನ ಮೇಷ್ಟ್ರ ಪಾಲು. ಪಕ್ಕದ ಚಳ್ಳಕೆರೆಯಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ವಿಮಾನ ಪರೀಕ್ಷಾ ವಲಯ ಇರುವಾಗ ಇದು ಮನಸ್ಸಿಗೆ ಬಂದ ದಿನ ಬಲೂನು ಬಿಟ್ಟು ಕೈ ಬೀಸುವ ಊರಲ್ಲ. ನಮ್ಮ ಪಾಲಿನದು ಡಬ್ಬಿ ಮಾತ್ರ.

ಸ್ಟ್ರಾಟೋಸ್ಫಿಯರಿನಲ್ಲಿ ಕಲಕು ಎಲ್ಲಿಂದ ಬಂತು ಅಂತ ಕೇಳುವವರಿದ್ದಾರೆ. ಪ್ರಶ್ನೆ ಸರಿಯೇ. ನಮ್ಮ ತಲೆ ಮೇಲೆ ಸುಮಾರು 16-17 ಕಿ.ಮೀ. ತನಕ ಮೇಲೆ ಹೋದಷ್ಟೂ ಚಳಿ, ಕೊನೆಗೆ ಮೈನಸ್ 80 ಡಿಗ್ರಿಯ ಹತ್ತಿರ. ಅಲ್ಲಿಂದಾಚಿನದೇ ಸ್ಟ್ರಾಟೋಸ್ಫಿಯರ್, ಅಲ್ಲಿ ಲೆಕ್ಕ ತಿರುಗುಮುರುಗು, ಮೇಲೆ ಹೋದಷ್ಟೂ ಬೆಚ್ಚಗೆ. ಬೆಚ್ಚನೆ ಗಾಳಿ ಮೇಲೆ, ತಣ್ಣನೆಯದು ಕೆಳಗೆ ಇದ್ದರೆ ಪದರಗಳು ತಮ್ಮ ಪಾಡಿಗೆ ಕೂತಿರುತ್ತವೆ. ಆದರೆ ಒಂದು ಪದರ ಪೂರ್ವಕ್ಕೆ, ಅದರ ಮೇಲಿನದು ಪಶ್ಚಿಮಕ್ಕೆ ಓಡುತ್ತಿದ್ದರೆ ನಡುವಿನ ಗಡಿ ಮಸೆಯುತ್ತದೆ, ಅಲೆಯಾಗಿ ಸುರುಳಿ ಸುತ್ತುತ್ತದೆ, ಸುರುಳಿ ಒಡೆದು ಚೂರಾಗುತ್ತದೆ. ಕೆಲ್ವಿನ್-ಹೆಲ್ಮ್‌ಹೋಲ್ಟ್ಜ್ ಅಸ್ಥಿರತೆ ಅನ್ನುವುದು ಇದನ್ನೇ. ಪದರದ ಸ್ಥಿರತೆಯನ್ನು ವೇಗದ ಏರುಪೇರಿನ ವರ್ಗದಿಂದ ಭಾಗಿಸಿದರೆ ಬರುವುದು ರಿಚರ್ಡ್‌ಸನ್ ಸಂಖ್ಯೆ. ಅದು ಎಲ್ಲ ಕಡೆ ಕಾಲಂಶಕ್ಕಿಂತ (0.25) ಹೆಚ್ಚಿದ್ದರೆ ಪದರ ಒಡೆಯುವುದಿಲ್ಲ ಅಂತ 1961ರಲ್ಲಿ ಮೈಲ್ಸ್ ಮತ್ತು ಹೊವರ್ಡ್ ಗಣಿತದಲ್ಲೇ ತೋರಿಸಿದರು. ಮುಂಗಾರಿನ ದೊಡ್ಡ ಮೋಡಗಳೂ ಬೆಟ್ಟಸಾಲುಗಳೂ ಎಬ್ಬಿಸುವ ಅಲೆಗಳು ಮೇಲಕ್ಕೇರುತ್ತ ಹಿಗ್ಗಿ ಒಡೆಯುವುದು ಇನ್ನೊಂದು ದಾರಿ. ಒಡೆದ ಪದರದ ದಪ್ಪ ಕೆಲವೊಮ್ಮೆ ಹತ್ತಾರು ಮೀಟರ್ ಅಷ್ಟೇ. ತಿರುಪತಿ ಬಳಿಯ ಗಾದಂಕಿಯಲ್ಲಿ 53 ಮೆಗಾಹರ್ಟ್ಸ್‌ನ ದೊಡ್ಡ ರೇಡಾರ್ ಇದೆ, ನೆಲದಿಂದಲೇ ಇಂಥ ಪದರಗಳನ್ನು ನೋಡುತ್ತದೆ. ಆದರೆ ಸೆಂಟಿಮೀಟರ್ ಅಳತೆಯ ಸುಳಿ ಬೇಕಾದರೆ ಸಾಧನವೇ ಅಲ್ಲಿಗೆ ಹೋಗಬೇಕು. ಜರ್ಮನಿಯ ಕ್ಯೂಲುಂಗ್ಸ್‌ಬೋರ್ನ್‌ನ ಲೈಬ್ನಿಜ್ ಸಂಸ್ಥೆಯವರು ಲಿಟೋಸ್ ಅನ್ನುವ ಹೆಸರಿನಲ್ಲಿ ಬಿಸಿತಂತಿಯನ್ನೇ ಬಲೂನಿಗೆ ಕಟ್ಟಿ ಕಳಿಸಿದ್ದರು. ನಮ್ಮದು ಅದರ ಬಡ ತಮ್ಮ.

ತಂತಿ

ಬಿಸಿತಂತಿಯ ಲೆಕ್ಕ ಸರಳ. ತಂತಿಗೆ ಕರೆಂಟು ಕೊಟ್ಟು ಬಿಸಿ ಮಾಡು, ಗಾಳಿ ಬೀಸಿದರೆ ಆರುತ್ತದೆ, ಆರಿದಷ್ಟನ್ನು ಸರ್ಕ್ಯೂಟು ತಕ್ಷಣ ತುಂಬಿಕೊಡಬೇಕು. ತುಂಬಿಕೊಟ್ಟ ವೋಲ್ಟೇಜೇ ಗಾಳಿಯ ವೇಗ. ತಂತಿ ದಪ್ಪವಾದರೆ ಆರುವುದಕ್ಕೂ ಹೊತ್ತು, ಬಿಸಿಯಾಗುವುದಕ್ಕೂ ಹೊತ್ತು, ಸಣ್ಣ ಸುಳಿ ಕೈಗೆ ಸಿಗುವುದಿಲ್ಲ. ಹಳೆ ಬಲ್ಬಿನ ಗಾಜು ಒಡೆದು ಒಳಗಿನ ಫಿಲಮೆಂಟ್ ಬಳಸುವ ಪದ್ಧತಿ ಹವ್ಯಾಸಿಗಳಲ್ಲಿದೆ. 15 ವ್ಯಾಟಿನ ಬಲ್ಬಿನದೂ 15 ಮೈಕ್ರಾನಿನ ಆಸುಪಾಸು, ಮೇಲಾಗಿ ಸ್ಪ್ರಿಂಗಿನ ಹಾಗೆ ಸುತ್ತಿಕೊಂಡಿರುತ್ತದೆ. ಪಾಠಕ್ಕೆ ಸರಿ, ಈ ಕೆಲಸಕ್ಕೆ ಅಲ್ಲ.

ಹಾಗಾಗಿ ವೊಲಾಸ್ಟನ್ ತಂತಿ ತರಿಸಿದೆವು. ಒಳಗೆ 5 ಮೈಕ್ರಾನ್ ಪ್ಲಾಟಿನಂ, ಹೊರಗೆ ಬೆಳ್ಳಿಯ ದಪ್ಪ ಹೊದಿಕೆ. ಬೆಳ್ಳಿ ಇರುವುದರಿಂದ ಕಣ್ಣಿಗೆ ಕಾಣುತ್ತದೆ, ಬೆಸುಗೆ ಹತ್ತುತ್ತದೆ. ಸೂಜಿಗಳಿಗೆ ಬೆಸೆದ ಮೇಲೆ ನಡುವಿನ 2 ಮಿ.ಮೀ.ನಷ್ಟು ಬೆಳ್ಳಿಯನ್ನು ನೈಟ್ರಿಕ್ ಆಸಿಡ್ಡಿನಲ್ಲಿ ಕರಗಿಸಿದರೆ ಪ್ಲಾಟಿನಂ ಮಾತ್ರ ಉಳಿಯುತ್ತದೆ. ಇಪ್ಪತ್ತು ವರ್ಷದಿಂದ ಇನಾಮಲ್ ತಂತಿ ಸುತ್ತುತ್ತಿರುವ ನನ್ನ ಕೈಗೆ ಇದು ಬಗ್ಗುವ ಕೆಲಸವಲ್ಲ. ಬಂಗಾರ ಬೆಳ್ಳಿ ಬೇರೆ ಮಾಡಲು ದಿನಾ ಅದೇ ಆಸಿಡ್ ಬಳಸುವ ಅಕ್ಕಸಾಲಿಗರ ಹತ್ತಿರ ಹೋದೆ.

ಆಚಾರ್ರು ಸೂಜಿ ಜೋಡಿಯನ್ನು ಭೂತಗನ್ನಡಿಯಲ್ಲಿ ನೋಡಿ, "ಇದಕ್ಕ ಬೆಳ್ಳಿ ಹಾಕಿದೋರು ಯಾರು, ಇಷ್ಟು ತೆಳ್ಳಗ?" ಅಂದರು.

"ಇನ್ನೂರು ವರ್ಷದ ಹಿಂದೆ ಇಂಗ್ಲೆಂಡಿನಾಗ ಒಬ್ಬರು ಕಂಡುಹಿಡಿದಿದ್ದು ಆಚಾರ್ರೆ. ಎರಡನ್ನೂ ಕೂಡಿಸಿ ಜಂತ್ರದಾಗ ಎಳೀತಾರ."

"ಹಂಗಾದ್ರ ನಮ್ಮ ಕೆಲಸಾನೇ ಬಿಡ್ರಿ." ತಂತಿ ಎಳೆಯುವ ತೂತಿನ ಪಟ್ಟಿ ಅವರ ಮಣೆ ಪಕ್ಕದಲ್ಲೇ ಇತ್ತು.

ಅವರು ಆಸಿಡ್ಡಿಗೆ ಡಿಸ್ಟಿಲ್ಡ್ ವಾಟರ್ ಬೆರೆಸಲಿಲ್ಲ, ನೀರಿಗೆ ಆಸಿಡ್ ಬೆರೆಸಿದರು. ಗಾಜಿನ ಕಡ್ಡಿಯ ತುದಿಯಲ್ಲಿ ಒಂದು ಹನಿ ಹಿಡಿದು ತಂತಿಯ ನಡುಭಾಗ ಮಾತ್ರ ಅದರೊಳಗೆ ಮುಳುಗುವಂತೆ ತಂದರು. ಹನಿಯೊಳಗೆ ಸಣ್ಣ ಗುಳ್ಳೆಗಳು ಎದ್ದವು, ಬೆಳ್ಳಿಯ ಹೊಳಪು ಮಂಕಾಯಿತು, ಗೆರೆ ಸಣ್ಣದಾಗುತ್ತ ಹೋಯಿತು, ಆಮೇಲೆ ಬರಿಗಣ್ಣಿಗೆ ಅಲ್ಲಿ ಏನೂ ಇಲ್ಲ. ಎರಡು ಮೊನೆಗಳ ನಡುವೆ ಬರೀ ಖಾಲಿ. "ಹೋತೇನ್ರಿ?" ಅಂದೆ. ಅವರು ಮಾತಾಡದೆ ಟೇಬಲ್ ಲ್ಯಾಂಪನ್ನು ಓರೆ ಮಾಡಿದರು. ಬೆಳಕು ಒಂದು ಕೋನಕ್ಕೆ ಬಂದಾಗ ಗೆರೆಯೊಂದು ಮಿಂಚಿತು. ಮನೆಗೆ ತಂದು ಮೀಟರಿಗೆ ಹಚ್ಚಿದರೆ 11 ಓಮಿನ ಹತ್ತಿರ ತೋರಿಸಿತು, 5 ಮೈಕ್ರಾನಿನ 2 ಮಿ.ಮೀ. ಪ್ಲಾಟಿನಂಗೆ ಬರಬೇಕಾದದ್ದೇ. ಅಳೆಯುವಾಗ ಮಾತ್ರ ಹುಷಾರು: ಮಾಮೂಲಿ ಮಲ್ಟಿಮೀಟರಿನ ಕಡಿಮೆ ಓಮ್ ರೇಂಜಿನ ಕರೆಂಟೇ ಇಂಥ ತಂತಿಗೆ ಭಾರವಾಗಬಹುದು. ಸರಣಿಯಲ್ಲಿ ದೊಡ್ಡ ರೆಸಿಸ್ಟರ್ ಹಾಕಿ, ಗೊತ್ತಿರುವ ಸಣ್ಣ ಕರೆಂಟು ಹರಿಸಿ, ತಂತಿಯ ಮೇಲಿನ ವೋಲ್ಟೇಜ್ ನೋಡಿ ಲೆಕ್ಕ ಹಾಕುವುದು ಮೇಲು.

ಪೈಪು

ಇಲ್ಲಿಂದ ಮುಂದಿನದು ನನಗೆ ಅತಿ ಇಷ್ಟವಾದ ಭಾಗ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

30 ಕಿ.ಮೀ. ಮೇಲೆ ಒತ್ತಡ 12 ಹೆಕ್ಟೋಪಾಸ್ಕಲ್, ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಶೇ. 1.5. ಅಷ್ಟು ತೆಳು ಗಾಳಿಯಲ್ಲಿ ಒಂದು ಅಣು ಇನ್ನೊಂದಕ್ಕೆ ಡಿಕ್ಕಿ ಹೊಡೆಯುವ ಮೊದಲು ಸರಾಸರಿ 4.4 ಮೈಕ್ರಾನ್ ಓಡುತ್ತದೆ. ನಮ್ಮ ತಂತಿಯ ದಪ್ಪ 5. ಅಂದರೆ ತಂತಿಯ ಸುತ್ತ ಹರಿಯುವ ದ್ರವದ ಥರ ಗಾಳಿ ಅಲ್ಲಿ ವರ್ತಿಸುವುದಿಲ್ಲ. ಅಣುಗಳು ಬಿಡಿಬಿಡಿಯಾಗಿ ಬಂದು ಬಡಿದು ಶಾಖ ಹೊತ್ತೊಯ್ಯುತ್ತವೆ. ಗಾಳಿಯ ಓಟದ ಬಲಕ್ಕೂ ಅದರ ಅಂಟುತನಕ್ಕೂ ಇರುವ ಅನುಪಾತ, ಅಂದರೆ ರೆನಾಲ್ಡ್ಸ್ ಸಂಖ್ಯೆ, 5 ಮೀ./ಸೆ. ವೇಗದಲ್ಲಿ ಸಮುದ್ರಮಟ್ಟದಲ್ಲಿ ಒಂದೂವರೆಯ ಆಸುಪಾಸು ಇದ್ದರೆ ಅಲ್ಲಿ 0.03. ಬಿಸಿತಂತಿಯ ವೇಗಕ್ಕೂ ವೋಲ್ಟೇಜಿಗೂ ನಂಟು ಹೇಳುವ ಕಿಂಗ್ ಸೂತ್ರ 1914ರದ್ದು. ನೆಲದ ಮೇಲೆ ಫ್ಯಾನಿನ ಮುಂದೆ ಹಿಡಿದು ಅದರ ಅಂಕಿಗಳನ್ನು ತೆಗೆದು ಅವನ್ನೇ ಮೇಲೆ ಬಳಸಿದರೆ ಸುಳ್ಳು ಅಳತೆ ಗ್ಯಾರಂಟಿ. ತೆಳು ಗಾಳಿಯಲ್ಲೇ, ಗೊತ್ತಿರುವ ವೇಗದಲ್ಲಿ ಪರೀಕ್ಷೆ ಆಗಬೇಕು.

ತೆಳು ಗಾಳಿ ಕಷ್ಟವಲ್ಲ. ಎಸಿ ರಿಪೇರಿಯವರ ಎರಡು ಹಂತದ ವ್ಯಾಕ್ಯೂಮ್ ಪಂಪು 12 ಹೆಕ್ಟೋಪಾಸ್ಕಲ್ ದಾಟಿ ಬಹಳ ಕೆಳಗೆ ಇಳಿಸುತ್ತದೆ. ಗೊತ್ತಿರುವ ವೇಗ ತರುವುದೇ ತಲೆನೋವು. ಒಳಗೆ ಫ್ಯಾನ್ ಇಟ್ಟರೆ ಅದರ ಗಾಳಿಯ ವೇಗ ಅಳೆಯಲು ಇನ್ನೊಂದು ಸಾಧನ ಬೇಕು. ತಂತಿಯನ್ನು ಗಿರಗಿರ ತಿರುಗಿಸಿದರೆ ಒಳಗಿನ ಗಾಳಿಯೂ ಜೊತೆಗೆ ಸುತ್ತುತ್ತದೆ. ಅಳಿಯನೇ ಹೇಳಿದ: "ಮಾವ, ಬೀಳಿಸಿಬಿಟ್ರೆ? ಬೀಳೋ ವಸ್ತುವಿನ ವೇಗಕ್ಕೆ ಲೆಕ್ಕಾನೇ ಇದೆಯಲ್ಲ."

ಇದಕ್ಕಿಂತ ಚೆನ್ನಾದ ಉಪಾಯ ಈ ಕೆಲಸದಲ್ಲಿ ಇನ್ನೊಂದು ಬಂದಿಲ್ಲ. ಒಂದೂವರೆ ಮೀಟರ್ ಬಿದ್ದರೆ ವೇಗ ಸೊನ್ನೆಯಿಂದ 5.4 ಮೀ./ಸೆ.ಗೆ ಏರುತ್ತದೆ. ಹವಾಮಾನ ಬಲೂನು ಏರುವ ವೇಗವೂ 5ರ ಹತ್ತಿರ. ಅರ್ಧ ಸೆಕೆಂಡು ಚಿಲ್ಲರೆಯಲ್ಲಿ ಬೇಕಾದ ಎಲ್ಲ ವೇಗವೂ ಸಿಕ್ಕಂತೆ.

ಕೊಳವೆ ಹುಡುಕಲು ಬಹಳ ಅಲೆಯಬೇಕಾಗಲಿಲ್ಲ. ಚಿತ್ರದುರ್ಗ, ದಾವಣಗೆರೆ ಕಡೆ ಬೋರ್‌ವೆಲ್ ಕೇಸಿಂಗ್ ಪೈಪಿಗೆ ಬರವೇ? ಪರಿಚಯದ ರಿಗ್ಗಿನವರ ಯಾರ್ಡಿನಲ್ಲಿ ಉಳಿದಿದ್ದ ಆರೂವರೆ ಇಂಚಿನ ಕಬ್ಬಿಣದ ಕೇಸಿಂಗ್‌ನಿಂದ 2 ಮೀಟರ್ ಕೊಯ್ಸಿದೆ. ತಳಕ್ಕೆ ದಪ್ಪ ಪ್ಲೇಟು ವೆಲ್ಡಿಂಗ್, ಮೇಲೆ ಫ್ಲೇಂಜು, ಅದರ ಮೇಲೆ 20 ಮಿ.ಮೀ. ಅಕ್ರಿಲಿಕ್ ಮುಚ್ಚಳ, ನಡುವೆ ಸಬ್‌ಮರ್ಸಿಬಲ್ ಪಂಪಿನ ರಬ್ಬರ್ ರಿಂಗು. ದಾವಣಗೆರೆ ಸಮುದ್ರಮಟ್ಟಕ್ಕಿಂತ 600 ಮೀ. ಮೇಲಿರುವುದರಿಂದ ಹೊರಗಿನ ಒತ್ತಡ ಸುಮಾರು 940 ಹೆಕ್ಟೋಪಾಸ್ಕಲ್. ಆ ಮುಚ್ಚಳದ ಮೇಲೆ 200 ಕೆ.ಜಿ. ಭಾರ ಕೂತ ಲೆಕ್ಕ. ತೆಳು ಅಕ್ರಿಲಿಕ್ ಹಾಕುವ ಆಸೆ ಯಾರಿಗೂ ಬೇಡ. ಕನ್ನಡಕ ಇಲ್ಲದೆ ಅದರ ಮೇಲೆ ಬಗ್ಗಿ ನೋಡುವ ಆಸೆಯೂ ಬೇಡ.

ಮೊದಲು ಪಂಪು ನಿಲ್ಲಿಸಿದ ಕೂಡಲೇ ಒತ್ತಡ ಏರುತ್ತಿತ್ತು. ವೆಲ್ಡಿಂಗಿನಲ್ಲಿ ಕಣ್ಣಿಗೆ ಕಾಣದ ತೂತು. ಒಳಗೆ ಗಾಳಿ ತುಂಬಿ ಹೊರಗೆ ಸೋಪಿನ ನೊರೆ ಹಚ್ಚಿದರೆ ಗುಳ್ಳೆ ಎಲ್ಲಿ ಅಂತ ತಾನೇ ತೋರಿಸಿತು, ಪಂಕ್ಚರ್ ಅಂಗಡಿ ವಿದ್ಯೆ. ಉಜ್ಜಿ, ಮತ್ತೆ ವೆಲ್ಡ್ ಮಾಡಿಸಿ, ಮೇಲೆ ಎಪಾಕ್ಸಿ ಬಳಿದೆ.

ಒಳಗೆ ಎರಡು ನೈಲಾನ್ ದಾರ ಬಿಗಿದು, ಅವುಗಳ ಮೇಲೆ ಜಾರುವ ಸಣ್ಣ ಅಲ್ಯೂಮಿನಿಯಂ ಗಾಡಿ. ಗಾಡಿಯ ಕೆಳಮುಖಕ್ಕೆ ತಂತಿ. ಮೇಲೆ ಹಿಡಿದುಕೊಳ್ಳಲು ನಾನೇ ಸುತ್ತಿದ ಎಲೆಕ್ಟ್ರೋಮ್ಯಾಗ್ನೆಟ್, ಕೆಳಗೆ ಸ್ಪಂಜಿನ ಹಾಸಿಗೆ. ದಾರದ ಉಜ್ಜಾಟ ಇರುವುದರಿಂದ ಪುಸ್ತಕದ ಸೂತ್ರ ನಂಬದೆ ವೇಗವನ್ನು ನೇರವಾಗಿ ಅಳೆದೆವು. ಫ್ಲೆಕ್ಸ್ ಪ್ರಿಂಟಿಂಗ್ ಮಷಿನಿನಲ್ಲಿ ಹೆಡ್ ಎಲ್ಲಿದೆ ಅಂತ ತಿಳಿಯಲು ಉದ್ದಕ್ಕೂ ಒಂದು ಪಾರದರ್ಶಕ ಎನ್‌ಕೋಡರ್ ಪಟ್ಟಿ ಇರುತ್ತದೆ, ಇಂಚಿಗೆ 180 ಗೆರೆ. ತುದಿ ಗೀಚಿ ಹಾಳಾಗಿ ಬದಲಾಯಿಸಿದ ಪಟ್ಟಿಯೊಂದು ಬ್ಯಾನರ್ ಅಂಗಡಿಯಲ್ಲಿ ಬಿದ್ದಿತ್ತು. ಅದನ್ನು ಪೈಪಿನೊಳಗೆ ಇಳಿಬಿಟ್ಟು ಗಾಡಿಗೆ ಅದರ ಸೆನ್ಸರ್ ಕಟ್ಟಿದೆವು. ಗಾಡಿ ಪೂರ್ತಿ ವೇಗಕ್ಕೆ ಬಂದಾಗ ಸೆಕೆಂಡಿಗೆ 38 ಸಾವಿರ ಪಲ್ಸು. ಮೈಕ್ರೋಕಂಟ್ರೋಲರಿಗೆ ಇದೇನೂ ಭಾರವಲ್ಲ.

ಒತ್ತಡ ಎಷ್ಟಿಡಬೇಕು ಅನ್ನುವುದರಲ್ಲೂ ಒಂದು ತಿರುವು ಇದೆ. ಮೇಲೆ 12 ಹೆಕ್ಟೋಪಾಸ್ಕಲ್ ನಿಜ, ಆದರೆ ಅಲ್ಲಿ ಮೈನಸ್ 46 ಡಿಗ್ರಿ. ನಮ್ಮ ಶೆಡ್ಡಿನಲ್ಲಿ 29. ಹೊಂದಿಸಬೇಕಾದದ್ದು ಸಾಂದ್ರತೆಯನ್ನು, ಹಾಗಾಗಿ ಪೈಪಿನಲ್ಲಿ 16 ಇಡಬೇಕು, 20 ಕಿ.ಮೀ. ಎತ್ತರಕ್ಕೆ 55ರ ಬದಲು 77. ಒತ್ತಡ ಅಳೆಯಲು ಎಲ್ಲರ ಡಬ್ಬಿಯಲ್ಲೂ ಬಿದ್ದಿರುವ ಬಿಎಂಪಿ280 ಸೆನ್ಸರ್ ನಡೆಯುವುದಿಲ್ಲ, ಅದರ ಹದ್ದು 300 ಹೆಕ್ಟೋಪಾಸ್ಕಲ್. ಎಂಎಸ್5611 ಆದರೆ 10ರ ತನಕ ಇಳಿಯುತ್ತದೆ. ಮೇಲೆ ಹೋಗುವ ಡಬ್ಬಿಯಲ್ಲೂ ಅದೇ.

ಪೂರ್ತಿ ಒತ್ತಡದಲ್ಲಿ ಬೀಳಿಸಿದಾಗ ವೋಲ್ಟೇಜಿನ ಗೆರೆ ಚೆನ್ನಾಗಿ ಬಾಗಿ ಏರಿತು. 77ರಲ್ಲಿ ಇಳಿಜಾರು ತಗ್ಗಿತು. 16ರಲ್ಲಿ ಬಹುತೇಕ ಮಟ್ಟಸ, ಏರಿದೆಯೋ ಇಲ್ಲವೋ ಅನ್ನುವಷ್ಟು. ತಂತಿಯಿಂದ ಶಾಖ ಹೋಗುತ್ತಿದೆ, ಆದರೆ ಹೋಗುವುದರಲ್ಲಿ ಹೆಚ್ಚಿನ ಪಾಲು ಗಾಳಿ ನಿಂತಿದ್ದರೂ ಹೋಗುವಂಥದ್ದೇ. ಬಿಸಿತಂತಿಯೊಂದನ್ನೇ ನಂಬಿ 30 ಕಿ.ಮೀ.ಗೆ ಹೋದರೆ ಗದ್ದಲದಲ್ಲಿ ಪಿಸುಮಾತು ಹುಡುಕಿದಂತೆ ಅಂತ ಆಗ ಖಚಿತವಾಯಿತು. ಅದಕ್ಕೇ ಪಕ್ಕದಲ್ಲಿ ಇನ್ನೊಂದು ತಂತಿ, ಇದಕ್ಕೆ 1 ಮಿಲಿಆಂಪ್ ಮಾತ್ರ, ಬಿಸಿಯಾಗದಷ್ಟು. ಇದು ಥರ್ಮಾಮೀಟರ್. ಕಲಕಿದ ಗಾಳಿಯಲ್ಲಿ ಮೇಲಿನ ಬೆಚ್ಚನೆಯದೂ ಕೆಳಗಿನ ತಣ್ಣನೆಯದೂ ಬೆರೆತಿರುವುದರಿಂದ ಉಷ್ಣತೆಯ ಏರಿಳಿತವೂ ಕಲಕಿನ ಗುರುತು. ಒಂದು ಡಿಗ್ರಿಗೆ 42 ಮೈಕ್ರೋವೋಲ್ಟ್ ಬರುತ್ತದೆ, ಬೇಕಾದದ್ದು ಡಿಗ್ರಿಯ ಸಾವಿರದ ಲೆಕ್ಕ. ಆಂಪ್ಲಿಫೈಯರಿನ ಆಯ್ಕೆಯಲ್ಲಿ ಕಂಜೂಸಿ ಮಾಡುವಂತಿಲ್ಲ. ತಂತಿಯನ್ನು ಅಳೆಯುವ ಬ್ರಿಡ್ಜ್ ಸರ್ಕ್ಯೂಟಿನ ರೆಸಿಸ್ಟರ್‌ಗಳೂ ಅಷ್ಟೇ, ಉಷ್ಣತೆಗೆ ಅಲುಗದವು ಬೇಕು.

ಸರ್ಕ್ಯೂಟಿನ ಉಳಿದ ಭಾಗ ಮಾಮೂಲಿ: ವೋಲ್ಟೇಜನ್ನು ಅಂಕಿ ಮಾಡಿಕೊಡುವ 24 ಬಿಟ್ಟಿನ ಎಡಿಸಿ ಚಿಪ್ಪು, ಸೆಕೆಂಡಿಗೆ 2000 ಓದು, ಅಂದರೆ 5 ಮೀ./ಸೆ.ನಲ್ಲಿ ಎರಡೂವರೆ ಮಿ.ಮೀ.ಗೊಂದು. ಎಸ್‌ಡಿ ಕಾರ್ಡು. 18 ಕಿ.ಮೀ. ದಾಟಿದರೆ ಕೆಲವು ಜಿಪಿಎಸ್ ಮಾಡ್ಯೂಲು ಬಾಯಿ ಮುಚ್ಚುತ್ತವೆ. ಯು-ಬ್ಲಾಕ್ಸಿನದಕ್ಕೆ ಏರ್‌ಬೋರ್ನ್ ಮೋಡ್ ಕೊಟ್ಟರೆ 50 ಕಿ.ಮೀ. ತನಕ ಮಾತಾಡುತ್ತದೆ. ಲಿಥಿಯಂ ಪ್ರೈಮರಿ ಸೆಲ್ಲು. ಚಳಿ ಪರೀಕ್ಷೆಗೆ ಡ್ರೈ ಐಸನ್ನು ಬೆಂಗಳೂರಿನಿಂದ ಬಸ್ಸಿನಲ್ಲಿ ತರಿಸಿದ್ದು, ಇಲ್ಲಿಗೆ ಬರುವ ಹೊತ್ತಿಗೆ ಅರ್ಧ ಗಾಳಿಗೆ ಹೋಗಿತ್ತು. ಉಳಿದ ಅರ್ಧ ಸಾಕಾಯಿತು. ಅದರ ಮೈನಸ್ 78 ನಮ್ಮ ತಲೆ ಮೇಲಿನ ಅತಿ ತಣ್ಣನೆ ಜಾಗಕ್ಕೆ ಹೆಚ್ಚುಕಡಿಮೆ ಸಮ.

ಆಷಾಢದ ಗಾಳಿ

ಪೈಪಿನಲ್ಲಿ ವೇಗ ಸರಿ ಬಂದರೂ ತಂತಿ ನಿಜವಾದ ಕಲಕು, ಅಂದರೆ ಟರ್ಬುಲೆನ್ಸ್, ಕಂಡದ್ದಿಲ್ಲ. ಅದನ್ನು ತೋರಿಸಲು ಚಿತ್ರದುರ್ಗಕ್ಕಿಂತ ಒಳ್ಳೆ ಊರು ಬೇಡ. ಆಷಾಢದಲ್ಲಿ ಜೋಗಿಮಟ್ಟಿ ಕಡೆಯ ಗುಡ್ಡದ ಮೇಲಿನ ಗಾಳಿ ವಿದ್ಯುತ್ತಿನ ಫ್ಯಾನುಗಳು ಹಗಲೂ ರಾತ್ರಿ ತಿರುಗುತ್ತಿರುತ್ತವೆ. ಅವು ದೂರಕ್ಕೆ ಕಾಣುವ, ಕರೆಂಟು ತಂತಿ ಇಲ್ಲದ ಒಂದು ಬಿತ್ತದ ಹೊಲದಲ್ಲಿ ದೊಡ್ಡ ಗಾಳಿಪಟ ಏರಿಸಿ, ಅದರ ದಾರಕ್ಕೆ ಡಬ್ಬಿ ಕಟ್ಟಿದೆವು. ಹೊಲದವರ ಮಕ್ಕಳಿಗೆ ಬಾಲಂಗೋಚಿಯೇ ಇಲ್ಲದ ಪಟ ಹೇಗೆ ನೆಟ್ಟಗೆ ನಿಂತಿದೆ ಅನ್ನುವುದೇ ದೊಡ್ಡ ಸಂಗತಿ, ಡಬ್ಬಿ ಯಾರಿಗೂ ಬೇಕಿರಲಿಲ್ಲ.

1941ರಲ್ಲಿ ಕೊಲ್ಮೊಗೊರೊವ್ ಕೊಟ್ಟ ಲೆಕ್ಕದ ಪ್ರಕಾರ ದೊಡ್ಡ ಸುಳಿ ಒಡೆದು ಸಣ್ಣದಾಗುತ್ತ ಹೋದಂತೆ ಶಕ್ತಿ ಒಂದು ನಿಶ್ಚಿತ ಇಳಿಜಾರಿನಲ್ಲಿ ಇಳಿಯಬೇಕು: ಎರಡೂ ಅಕ್ಷ ಲಾಗ್ ಇಟ್ಟು ಗೀಚಿದರೆ ಮೈನಸ್ ಐದು ಬೈ ಮೂರು. ಲ್ಯಾಪ್‌ಟಾಪಿನಲ್ಲಿ ಸ್ಪೆಕ್ಟ್ರಮ್, ಅಂದರೆ ಯಾವ ಅಳತೆಯ ಸುಳಿಯಲ್ಲಿ ಎಷ್ಟು ಶಕ್ತಿ ಅನ್ನುವ ಗೆರೆ, ಬಿಡಿಸಿದಾಗ ಆ ಇಳಿಜಾರು ಬಂತು, ಅದರ ಮೇಲೊಂದು ಚೂಪು ಮುಳ್ಳೂ ಬಂತು. ಮುಳ್ಳು ದಾರದ ಗುಂಯ್ ಸದ್ದು. ಗಾಳಿಯ ವೇಗ ಹೆಚ್ಚಿದಾಗ ಮೇಲಕ್ಕೆ, ತಗ್ಗಿದಾಗ ಕೆಳಕ್ಕೆ ಸರಿಯುತ್ತಿದ್ದುದೇ ಗುರುತು. ದಾರಕ್ಕೆ ಜೂಲು ಕಟ್ಟಿದರೆ ಬಹಳಷ್ಟು ಅಡಗುತ್ತದೆ.

ಇಳಿಜಾರಿಗಿಂತ ಅದು ಮುರಿಯುವ ಜಾಗ ಮುಖ್ಯ. ಸುಳಿ ಒಂದು ಅಳತೆಗಿಂತ ಸಣ್ಣದಾದರೆ ಗಾಳಿಯ ಅಂಟುತನ ಅದನ್ನು ನುಂಗಿ ಶಾಖ ಮಾಡಿಬಿಡುತ್ತದೆ, ಗೆರೆ ಅಲ್ಲಿ ದಿಢೀರನೆ ಕೆಳಗೆ ಬೀಳುತ್ತದೆ. ಆ ಅಳತೆ ಸಿಕ್ಕರೆ ಪ್ರತಿ ಕೆ.ಜಿ. ಗಾಳಿಯಲ್ಲಿ ಎಷ್ಟು ಶಕ್ತಿ ಕರಗುತ್ತಿದೆ ಅಂತ ತಿಳಿಯುತ್ತದೆ. ಕೆ.ಜಿ.ಗೆ ವ್ಯಾಟಿನ ಹತ್ತು ಸಾವಿರದ ಒಂದು ಪಾಲು ಕರಗುತ್ತಿದೆ ಅನ್ನಿ: ನೆಲಮಟ್ಟದಲ್ಲಿ ಕೊಲ್ಮೊಗೊರೊವ್ ಅಳತೆ 2.4 ಮಿ.ಮೀ., 30 ಕಿ.ಮೀ. ಮೇಲೆ 5 ಸೆಂ.ಮೀ.ನ ಹತ್ತಿರ. ತೆಳು ಗಾಳಿ ನಮಗೆ ಮಾಡಿದ ಒಂದೇ ಒಂದು ಉಪಕಾರ ಇದು, ಅಲ್ಲಿನ ಅತಿ ಸಣ್ಣ ಸುಳಿಯೂ ದಪ್ಪ. ಆದರೆ ಸೂತ್ರದಲ್ಲಿ ಈ ಅಳತೆ ನಾಲ್ಕನೇ ಘಾತದಲ್ಲಿದೆ. ಮುರಿಯುವ ಜಾಗವನ್ನು ಎರಡು ಪಟ್ಟು ತಪ್ಪಾಗಿ ಓದಿದರೆ ಉತ್ತರ ಹದಿನಾರು ಪಟ್ಟು ತಪ್ಪು.

ಸಂಜೆ ಗಾಳಿ ದಿಕ್ಕು ಬದಲಿಸಿತು. ಫ್ಯಾನುಗಳ ಕಡೆಯಿಂದ ಬೀಸತೊಡಗಿದ್ದೇ ತಡ, ಸ್ಪೆಕ್ಟ್ರಮ್ಮಿನ ಮಟ್ಟವೇ ಏರಿತು. ಇಳಿಜಾರು ಮಾತ್ರ ಅದೇ, ಅಚ್ಚುಕಟ್ಟಾಗಿ. ನೋಡಿದವರು ಇವತ್ತು ವಾತಾವರಣ ಜೋರಾಗಿ ಕಲಕಿದೆ ಅನ್ನಬೇಕು. ಕಲಕಿದ್ದು ರೆಕ್ಕೆಗಳು. ಈ ಇಡೀ ಕೆಲಸದಲ್ಲಿ ಹೆದರಬೇಕಾದದ್ದು ಇದಕ್ಕೇ: ಬಂದ ಗೆರೆ ಚೆನ್ನಾಗಿದೆ ಅಂದ ಮಾತ್ರಕ್ಕೆ ಅದು ಆಕಾಶದ ಗೆರೆ ಅಲ್ಲ.

ದಾರ ಮತ್ತು ಎರಡು ಬಲೂನು

ನೆಲದಲ್ಲಿ 2 ಮೀಟರ್ ಅಗಲವಿದ್ದ ಬಲೂನು 30 ಕಿ.ಮೀ.ಗೆ ಹೋಗುವ ಹೊತ್ತಿಗೆ 8 ಮೀಟರ್ ಆಗಿರುತ್ತದೆ. ಅಷ್ಟು ದೊಡ್ಡದು ಏರುತ್ತ ಏರುತ್ತ ತನ್ನ ಹಿಂದೆ ಕಲಕಿದ ಗಾಳಿಯ ಕಂಬವನ್ನೇ ಬಿಟ್ಟು ಹೋಗುತ್ತದೆ. ನಮ್ಮ ತಂತಿ ನೇತಾಡುವುದು ಅದೇ ಕಂಬದೊಳಗೆ. 60 ಮೀಟರ್ ದಾರ ಅಂದರೆ ಬಹಳ ಅನ್ನಿಸುತ್ತದೆ, ಮೇಲೆ ಅದು ಬಲೂನಿನ ಏಳೆಂಟು ಪಟ್ಟು ಅಗಲ ಅಷ್ಟೇ. ಪದರದಿಂದ ಪದರಕ್ಕೆ ಗಾಳಿಯ ವೇಗ ಬದಲಾಗುತ್ತಿದ್ದರೆ ಕಂಬ ಪಕ್ಕಕ್ಕೆ ಸರಿಯುತ್ತದೆ, ಬದಲಾಗದಿದ್ದರೆ ತಂತಿ ಪೂರ್ತಿ ಅದರಲ್ಲೇ. ಹಗಲಾದರೆ ಬಿಸಿಲಿಗೆ ಕಾದ ರಬ್ಬರಿನ ಶಾಖವೂ ಅದರ ಜೊತೆಗೆ, ಥರ್ಮಾಮೀಟರ್ ತಂತಿಗೂ ನೆಮ್ಮದಿ ಇಲ್ಲ. ದಾರದ ತೂಗಾಟ ಮಾತ್ರ ಸಮಸ್ಯೆಯಲ್ಲ: 60 ಮೀಟರಿನ ಲೋಲಕಕ್ಕೆ ಒಂದು ಸುತ್ತಿಗೆ 15 ಸೆಕೆಂಡಿನ ಮೇಲೆ, ಅಷ್ಟರಲ್ಲಿ ಬಲೂನು 75 ಮೀಟರ್ ಏರಿರುತ್ತದೆ. ನಾವು ಹುಡುಕುವ ಸುಳಿಗಳ ಅಳತೆಯ ಹತ್ತಿರಕ್ಕೂ ಅದು ಬರುವುದಿಲ್ಲ.

ಇಳಿಯುವಾಗ ಅಳೆದರೆ ಕಂಬ ಮೇಲೆ ಉಳಿಯುತ್ತದೆ, ತಂತಿ ಕೆಳಗೆ ಹೊಸ ಗಾಳಿಗೆ ಮುಖ ಕೊಡುತ್ತದೆ. ಅದಕ್ಕೇ ತಂತಿಯನ್ನು ಡಬ್ಬಿಯ ತಳಕ್ಕೆ ಹಾಕಿದ್ದು. ಆದರೆ ಬಲೂನು ಒಡೆದು ಪ್ಯಾರಾಚೂಟಿನಲ್ಲಿ ಬಂದರೆ, ನೆಲದ ಹತ್ತಿರ 5 ಮೀ./ಸೆ. ಇಳಿಯುವಂಥದ್ದು ಆ ಎತ್ತರದಲ್ಲಿ 40ರ ವೇಗದಲ್ಲಿ ಬೀಳುತ್ತದೆ, ಓಲಾಡುತ್ತ. ಬೇಕಾದದ್ದು ನಿಧಾನದ ಇಳಿತ. ಬಲೂನಿನ ಬಾಯಿಗೆ ವಾಲ್ವ್ ಇಟ್ಟು ಗ್ಯಾಸು ಬಿಡುವುದು ಒಂದು ದಾರಿ. ಆ ಚಳಿಯಲ್ಲಿ ವಾಲ್ವ್ ಅಂಟಿಕೊಳ್ಳುವುದಿಲ್ಲ ಅಂತ ನಾನು ಬರೆದುಕೊಡಲಾರೆ. ಎರಡು ಬಲೂನು ಕಟ್ಟುವ ಪದ್ಧತಿ ನನಗೆ ಹೆಚ್ಚು ಒಪ್ಪಿಗೆ: ದೊಡ್ಡದು ಎತ್ತಿಕೊಂಡು ಹೋಗುತ್ತದೆ, ಒಡೆಯುವ ಮೊದಲೇ ಅದರ ದಾರ ಕತ್ತರಿಸಬೇಕು, ಉಳಿದ ಚಿಕ್ಕದಕ್ಕೆ ಡಬ್ಬಿಯನ್ನು ಎತ್ತುವಷ್ಟು ಬಲವಿಲ್ಲ, ಬೀಳದಂತೆ ಹಿಡಿದುಕೊಳ್ಳುವಷ್ಟಿದೆ.

ಕತ್ತರಿಗೆ ನೈಕ್ರೋಮ್ ತಂತಿ. ನೈಲಾನ್ ದಾರಕ್ಕೆ ನಾಲ್ಕು ಸುತ್ತು, ಎರಡು ಲಿಥಿಯಂ ಸೆಲ್ಲು. ಪೂರ್ತಿ ಒತ್ತಡದಲ್ಲಿ ಬಿಸಿಯಾಗಿ ದಾರ ಕರಗಿಸಲು ತೆಗೆದುಕೊಂಡ ಹೊತ್ತಿಗಿಂತ ಪೈಪಿನಲ್ಲಿ 16 ಹೆಕ್ಟೋಪಾಸ್ಕಲ್ಲಿಗೆ ಬೇಗ ಕತ್ತರಿಸಿತು, ಶಾಖ ಹೊತ್ತೊಯ್ಯಲು ಗಾಳಿ ಇಲ್ಲವಲ್ಲ. ಡ್ರೈ ಐಸಿನ ಡಬ್ಬಿಯಲ್ಲಿ ತಣ್ಣಗಾದ ಸೆಲ್ಲಿನ ಜೊತೆ ಅದೇ ಕತ್ತರಿಯನ್ನು ಇನ್ನೂ ಓಡಿಸಿಲ್ಲ. ಮುಂದಿನ ಪಾರ್ಸೆಲ್ ಬಂದ ಕೂಡಲೇ ಅದೇ ಕೆಲಸ. ಆಮೇಲೆ ಡಬ್ಬಿಗೆ ಟೇಪು ಸುತ್ತಿ, ಮೇಲೆ ಅಳಿಯನ ಕಾಲೇಜಿನ ಫೋನ್ ನಂಬರು ಕನ್ನಡದಲ್ಲೂ ತೆಲುಗಿನಲ್ಲೂ ಬರೆಯಬೇಕು. ಮೇಲಿನ ಗಾಳಿ ಪೂರ್ವಕ್ಕೆ ತಿರುಗಿದರೆ ಅದು ಇಳಿಯುವುದು ಅನಂತಪುರದ ಕಡಲೆಕಾಯಿ ಹೊಲದಲ್ಲಿ.